ಮಷಿನ್ ಸಪ್ಪಳದ ಮರೆಯಲ್ಲಿ

ನಮ್ಮ ಕ್ರೈಸ್ತ ಸಭೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಎಲ್ಲರೂ ಅವರನ್ನು ಪ್ರಾರ್ಥನೆಯ ಅಕ್ಕ ಎಂದೇ ಕರೆಯುತ್ತಾರೆ. ಯಾರಿಗೆ ಜ್ವರ ಬರಲಿ, ಯಾರ ಎಮ್ಮೆ ತಪ್ಪಿಸಿಕೊಳ್ಳಲಿ, ಯಾರ ಮಗ ಪರೀಕ್ಷೆಗೆ ಕೂರಲಿ, ಮೊದಲು ಸುದ್ದಿ ಮುಟ್ಟುವುದು ಅವರಿಗೆ. ಅವರ ಪ್ರಾರ್ಥನೆಗೆ ಒಂದು ರೀತಿ ಇದೆ. ಯಾರಿಗಾಗಿ ಬೇಡುತ್ತಾರೋ ಅವರ ಪೂರ್ತಿ ಅಡ್ರೆಸ್ಸನ್ನು ದೇವರಿಗೆ ಒಪ್ಪಿಸುತ್ತಾರೆ. 'ಕರ್ತನೇ, ಸಾಲಗುಂದದ ಅಗಸಿ ಬಾಗಿಲ ಮುಂದೆ ಮನೆ ಇರುವ ನಿನ್ನ ದಾಸನ ಹಿರಿಯ ಸೊಸೆ, ಸದ್ಯ ತವರಿಗೆ ಹೋಗಿದ್ದಾಳೆ, ಆಕೆಯ ಎಡ ಮೊಣಕಾಲನ್ನು ಮುಟ್ಟು.' ಹೇಳದಿದ್ದರೆ ದೇವರು ಬಲ ಮೊಣಕಾಲು ಮುಟ್ಟಿ ಹೋದಾನು ಎಂಬ ಭಯವೋ ಏನೋ. ಚಿಕ್ಕವಳಿದ್ದಾಗ ನಾನು ಇದನ್ನು ಕೇಳಿ ಅವ್ವನ ಸೆರಗಿನ ಮರೆಯಲ್ಲಿ ನಗುತ್ತಿದ್ದೆ, ಅವಳು ತೊಡೆ ಚಿವುಟುತ್ತಿದ್ದಳು.

ಸಭೆ ಕೂಡುವುದು ಸಿಂಧನೂರಿನ ಅಂಚಿನಲ್ಲಿ, ಅಕ್ಕಿ ಗಿರಣಿಗಳ ಸಾಲು ಮುಗಿಯುವ ಕಡೆ, ತಗಡು ಹೊದಿಸಿದ ಒಂದು ಹಾಲ್‌ನಲ್ಲಿ. ನಾವು ಮಸ್ಕಿಯವರು. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಮಧ್ಯಾಹ್ನ ಬಸ್ಸು ಹಿಡಿದು ಬರುವುದು. ಅಲ್ಲಿ ಪ್ರಾರ್ಥನೆ ಎಂದರೆ ಗಟ್ಟಿಯಾಗಿಯೇ. ಎಲ್ಲರೂ ಏಕಕಾಲಕ್ಕೆ ಬಾಯಿ ತೆರೆದು, ಕೈ ಎತ್ತಿ, ಕಣ್ಣೀರು ಸುರಿಸಿ ಬೇಡುತ್ತಾರೆ. ಮೈಕು ಇದೆ, ಹಾಲ್‌ನ ಹೊರಗೆ ರಸ್ತೆಯ ಕಡೆಗೆ ಮುಖ ಮಾಡಿದ ಸ್ಪೀಕರೂ ಇದೆ. ಮೆಲ್ಲಗೆ ತುಟಿ ಅಲ್ಲಾಡಿಸುವವರನ್ನು ಕಂಡರೆ 'ಆಕಿ ಭಾಳ ತಣ್ಣಗದಾಳ' ಎನ್ನುತ್ತಾರೆ. ನಾನು ತಣ್ಣಗಿದ್ದವಳಲ್ಲ. ನನ್ನದು ದಪ್ಪ ದನಿ, ಹಾಡುವವರ ಸಾಲಿನಲ್ಲಿ ಮುಂದೆಯೇ ನಿಲ್ಲುತ್ತಿದ್ದೆ.

ಮನೆಯಲ್ಲಿ ಇದ್ದವರು ನಾವಿಬ್ಬರೇ, ಅವ್ವ ಮತ್ತು ನಾನು. ಅಪ್ಪ ನಾನು ಶಾಲೆಯಲ್ಲಿದ್ದಾಗಲೇ ತೀರಿಕೊಂಡಿದ್ದ. ಅವ್ವ ಟೇಲರಿಂಗ್ ಮಾಡಿ ನನ್ನನ್ನು ಸಾಕಿದಳು, ಆಮೇಲೆ ನನಗೂ ಅದನ್ನೇ ಕಲಿಸಿದಳು. ಮನೆಯ ಮುಂಗೋಣೆಯೇ ಅಂಗಡಿ. ಕಾಲಿನಿಂದ ತುಳಿಯುವ ಎರಡು ಮಷಿನ್, ಒಂದಕ್ಕೊಂದು ಬೆನ್ನು ಮಾಡಿ ಇಟ್ಟಿದ್ದೆವು. ಒಕ್ಕಲುತನದ ಮನೆಯ ಹೆಂಗಸರು, ಕಿರಾಣಿ ಅಂಗಡಿಯವರ ಸೊಸೆಯಂದಿರು, ಮಸೀದಿ ಓಣಿಯ ಹುಡುಗಿಯರು, ಎಲ್ಲರೂ ಬರುತ್ತಿದ್ದರು. ಜಂಪರಿನ ತೋಳು ಅವ್ವ ಕೂರಿಸಿದಂತೆ ಮಸ್ಕಿಯಲ್ಲಿ ಯಾರೂ ಕೂರಿಸುತ್ತಿರಲಿಲ್ಲ. ಈಗ ನಾನು ಕೂರಿಸುತ್ತೇನೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಲಿಂಗಸುಗೂರಿನಿಂದ ನನಗೊಂದು ಸಂಬಂಧ ಬಂತು. ಹುಡುಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಂದರು, ನೋಡಿದರು, ಚಹಾ ಕುಡಿದರು, ಒಪ್ಪಿದರು. ಆ ಹೊತ್ತಿಗೇ ನನ್ನ ಎಡ ಮೊಣಕೈಯ ಒಳಮಗ್ಗುಲಲ್ಲಿ ಒಂದು ಬಿಳಿ ಕಲೆ ಎದ್ದಿತ್ತು. ಹುಣಸೆ ಬೀಜದಷ್ಟು. ನಾನೇ ಅವ್ವನಿಗೆ ತೋರಿಸಿದೆ. ನಿಶ್ಚಯಕ್ಕೆ ಮೊದಲು ಹುಡುಗನ ಕಡೆಯವರಿಗೆ ನಾವೇ ಹೇಳಿಬಿಡೋಣ ಎಂದೆ. ಅವ್ವ ಹೂಂ ಎಂದಳು. ಆದರೆ ಅವಳಿಗೆ ಧೈರ್ಯ ಸಾಲಲಿಲ್ಲ. ಹೇಳುವ ಪ್ರಸಂಗವೇ ಬಾರದಂತೆ ಕಲೆ ಮಾಯವಾಗಲಿ ಎಂದು ಹರಕೆ ಹೊತ್ತವರ ಹಾಗೆ ಒಬ್ಬರ ಮುಂದೆ ಹೋಗಿ ಅತ್ತಳು. ಯಾರ ಮುಂದೆ ಎಂದು ಬೇರೆ ಹೇಳಬೇಕಾಗಿಲ್ಲ.

ಆ ಭಾನುವಾರ ಪ್ರಾರ್ಥನೆಯ ಅಕ್ಕ ಮೈಕು ಹಿಡಿದರು. 'ಪರಲೋಕದ ತಂದೆಯೇ, ಮಸ್ಕಿಯ ಹಳೇ ಬಸ್ ಸ್ಟ್ಯಾಂಡಿನ ಹಿಂದೆ, ಹಿಟ್ಟಿನ ಗಿರಣಿಯ ಮಗ್ಗುಲ ಮನೆಯಲ್ಲಿರುವ ನಿನ್ನ ದಾಸಿಯ ಒಬ್ಬಳೇ ಮಗಳು, ಜಂಪರ್ ಹೊಲಿಯುವಾಕೆ, ಆಕೆಯ ಎಡಗೈಯ ಕುಷ್ಠವನ್ನು ತೊಳೆದು ಶುದ್ಧಮಾಡು.' ಹಾಲ್ ತುಂಬ ಜನ ಆಮೆನ್ ಎಂದರು. ರೂಢಿಯಂತೆ ನಾನೂ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದೆ. ಅಂದಮೇಲೆ ಅಂದದ್ದು ಯಾವುದಕ್ಕೆ ಎಂದು ತಿಳಿಯಿತು.

ನನಗಾದದ್ದು ಕುಷ್ಠವಲ್ಲ, ತೊನ್ನು. ಬಜಾರದಲ್ಲಿ ಕೇಳಿದರೆ ಯಾರಾದರೂ ಹೇಳುತ್ತಾರೆ. ಆದರೆ ನಮ್ಮ ಹಳೆಯ ಬೈಬಲ್ಲಿನಲ್ಲಿ ಚರ್ಮ ಬೆಳ್ಳಗಾದವರಿಗೆಲ್ಲ ಕುಷ್ಠವೇ, ಅವರು ಗುಣವಾಗುವುದಕ್ಕೆ ಶುದ್ಧವಾಗುವುದು ಎಂದೇ ಹೆಸರು. ಅಕ್ಕ ಆ ಭಾಷೆಯಲ್ಲಿ ಮುಳುಗೆದ್ದವರು. ತೊನ್ನು ಎಂಬ ಸಂತೆಯ ಮಾತನ್ನು ದೇವರ ಮುಂದೆ ಆಡುವುದು ಮರ್ಯಾದೆಯಲ್ಲ ಎಂದು, ತಮಗೆ ಗೊತ್ತಿದ್ದ ದೊಡ್ಡ ಮಾತನ್ನೇ ಆಡಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ಆದರೆ ಸ್ಪೀಕರ್ ರಸ್ತೆಗೆ ಮುಖ ಮಾಡಿತ್ತು, ಒಳಗೆ ಹೆಂಗಸರ ಸಾಲಿನಲ್ಲಿ ಹುಡುಗನ ಚಿಕ್ಕಮ್ಮ ಕೂತಿದ್ದರು.

ಬಸ್ಸು ಮಸ್ಕಿ ಮುಟ್ಟುವ ಮೊದಲೇ ಅವ್ವನ ಫೋನಿಗೆ ಹುಡುಗನ ಕಡೆಯವರ ಕರೆ ಬಂತು. ನಮ್ಮವರಲ್ಲಿ ಸಂಬಂಧ ಬೇಡವಾದರೆ ಯಾರೂ ಬೇಡ ಎನ್ನುವುದಿಲ್ಲ. 'ಇದು ದೇವರ ಚಿತ್ತ ಅಲ್ಲ ಅಂತ ನಮಗ ಅನಸಾಕತ್ತೈತ್ರಿ' ಎನ್ನುತ್ತಾರೆ. ಅದರ ಮೇಲೆ ವಾದ ಮಾಡಲು ಬರುವುದಿಲ್ಲ. ಅವರೂ ಅದನ್ನೇ ಅಂದರು. ಅವ್ವ ಫೋನು ಕಿವಿಗೆ ಹಿಡಿದುಕೊಂಡೇ ನನ್ನ ಕಡೆ ನೋಡಿದಳು.

"ನೀ ಹೇಳಿದೇನು ಆಕಿಗಿ?" ಎಂದೆ.

"ಪ್ರಾರ್ಥನಿ ಮಾಡ್ರಿ ಅಂತ ಹೇಳಿದ್ನೆವ್ವ. ಯಾರಿಗೂ ಹೇಳಬ್ಯಾಡ್ರಿ ಅಂತಾನೂ ಹೇಳಿದ್ದೆ."

ಯಾರಿಗೂ ಹೇಳಿರಲಿಲ್ಲ ಅಕ್ಕ, ದೇವರಿಗೆ ಮಾತ್ರ ಹೇಳಿದ್ದರು. ಮೈಕಿನಲ್ಲಿ ಹೇಳಿದರು, ಅಷ್ಟೇ.

ಆ ಹುಡುಗನ ಬಗ್ಗೆ ನನಗೆ ದುಃಖವಾಗಲಿಲ್ಲ. ದಿನವೂ ಮುಲಾಮು ಮಾರುವವನಿಗೆ ತೊನ್ನು ಯಾವುದು ಕುಷ್ಠ ಯಾವುದು ತಿಳಿಯದಿದ್ದರೆ ಹೋಗಲಿ ಬಿಡಿ ಎಂದುಕೊಂಡೆ. ಅಕ್ಕನ ಮೇಲಿನ ಸಿಟ್ಟೂ ಕೆಲವೇ ದಿನದ್ದು. ನನ್ನೊಳಗೆ ಗಟ್ಟಿಯಾಗಿ ಕೂತದ್ದು ಅವ್ವನ ಮೇಲಿನ ಸಿಟ್ಟು. ನನ್ನ ಮೈಯ ಗುಟ್ಟನ್ನು ನನಗೆ ಕೇಳದೆ ಇನ್ನೊಬ್ಬರ ಕೈಗೆ ಕೊಟ್ಟವಳು ಅವಳು. ನಾನು ಅವಳೊಡನೆ ಮಾತು ಬಿಟ್ಟೆ.

ಇಬ್ಬರೇ ಇರುವ ಮನೆಯಲ್ಲಿ ಮಾತು ಬಿಡುವುದು ಸುಲಭವಲ್ಲ. ಅವ್ವ ನನಗೆ ಹೇಳಬೇಕಾದದ್ದನ್ನು ಅರಿವೆಗೆ ಹೇಳತೊಡಗಿದಳು. "ಈ ಜಂಪರಿಗಿ ಹುಕ್ಕು ಯಾರು ಹಚ್ಚಬೇಕೋ ಏನೋ" ಎಂದು ಜಂಪರನ್ನೇ ಕೇಳುವಳು. ನಾನು ಉತ್ತರ ಕೊಡದೆ ಹುಕ್ಕು ಹಚ್ಚುತ್ತಿದ್ದೆ. "ರೊಟ್ಟಿ ಆರಾಕತ್ತಾವಪ್ಪಾ" ಎಂದು ಒಲೆಯ ಮುಂದೆ ಕೂತು ರೊಟ್ಟಿಗಳ ಬಗ್ಗೆ ಮರುಗುವಳು. ನಾನು ಹೋಗಿ ತಿಂದು ಬರುತ್ತಿದ್ದೆ. ಹೊರಗಿನವರು ನೋಡಿದರೆ ನಗುತ್ತಿದ್ದರೇನೋ. ನನಗೆ ನಗು ಬರುತ್ತಿರಲಿಲ್ಲ.

ಸಿಂಧನೂರಿನ ಮಾತು ಮಸ್ಕಿಗೆ ಬರಲು ಹೊತ್ತಾಗಲಿಲ್ಲ. ಅಳತೆ ಕೊಟ್ಟುಹೋದವರು ಹೊಲಿಯುವ ಮೊದಲೇ ಬಂದು ಅರಿವೆ ವಾಪಸ್ಸು ಒಯ್ದರು. ಒಬ್ಬರು ಊರಿಗೆ ಹೊರಟೀವಿ ಎಂದರು, ಒಬ್ಬರು ಬಣ್ಣ ಹೊಂದುವುದಿಲ್ಲ ಎಂದರು. ನಿಜ ಹೇಳಿದವರು ಕಡಿಮೆ. ಅಷ್ಟರಲ್ಲಿ ಕಲೆ ಮುಂಗೈಗೆ ಇಳಿದು ಬೆರಳುಗಳ ತುದಿಗೂ ಬಂದಿತ್ತು. ಲಿಂಗಸುಗೂರಿನ ಚರ್ಮದ ಡಾಕ್ಟರು ನೋಡಿ, ಇದು ಅಂಟುವುದಲ್ಲ, ಪ್ರಾಣಕ್ಕೆ ಏನೂ ಇಲ್ಲ, ಮುಲಾಮು ಹಚ್ಚು, ನಿಂತರೆ ನಿಂತೀತು, ಇಲ್ಲದಿದ್ದರೆ ಇಲ್ಲ ಎಂದರು. ನನಗೆ ಆ ಡಾಕ್ಟರು ಮೆಚ್ಚುಗೆಯಾದರು. ಅವ್ವ ಮಾತ್ರ ಬರುವಾಗ ಬಜಾರದಲ್ಲಿ ಇಳಿದು, ಸ್ಕೂಟಿ ಓಡಿಸುವ ಹೆಂಗಸರು ಬಿಸಿಲಿಗೆ ತೊಡುವ ಉದ್ದನೆಯ ಗ್ಲೌಸ್ ಕೊಂಡು ತಂದು ನನ್ನ ಮಷಿನ್ ಮೇಲೆ ಇಟ್ಟಳು. ನಾನು ತೊಟ್ಟುಕೊಂಡೆ. ಗ್ಲೌಸ್ ತೊಟ್ಟ ಕೈಯಲ್ಲಿ ಅರಿವೆ ಜಾರುತ್ತಿತ್ತು, ಹೊಲಿಗೆ ಹಾವಿನ ಹಾಗೆ ಹೋಗುತ್ತಿತ್ತು.

ಸಭೆಗೆ ಹೋಗುವುದನ್ನು ಬಿಟ್ಟೆ. ಮುಂಜಾನೆ ಅವ್ವ ಅಡುಗೆ ಕೋಣೆಯಲ್ಲಿ ನನ್ನ ಹೆಸರು ಹಿಡಿದು ಅತ್ತು ಪ್ರಾರ್ಥಿಸುವಾಗ ನಾನು ಹೊರಗೆ ಹೋಗಿ ಅಂಗಳ ಗುಡಿಸುತ್ತಿದ್ದೆ. ನನ್ನದೇ ಪ್ರಾರ್ಥನೆ ನಿಂತುಹೋಗಿತ್ತು. ಬಾಯಿ ತೆರೆದರೆ ಆ ಆಮೆನ್ ನೆನಪಾಗುತ್ತಿತ್ತು.

ಒಂದು ಮಧ್ಯಾಹ್ನ ಒಬ್ಬರ ಪರಕಾರದ ಅಂಚು ಹೊಲಿಯುತ್ತಿದ್ದೆ. ಘೇರು ಜಾಸ್ತಿ ಇದ್ದ, ಸುತ್ತು ದೊಡ್ಡದಾದ ಲಂಗ. ಅಂಚು ಮುಗಿಯುವುದೇ ಇಲ್ಲ, ಕಾಲು ತುಳಿಯುತ್ತಲೇ ಇರಬೇಕು. ಹಳೆಯ ಮಷಿನ್, ಹತ್ತಿರ ಕೂತವರು ಕೂಗಿದರೂ ಕೇಳದಷ್ಟು ಸಪ್ಪಳ. ಹೊಲಿಯುತ್ತ ಹೊಲಿಯುತ್ತ ನಾನು ಒಳಗೇ ಮಾತಾಡುತ್ತಿದ್ದೇನೆ ಎಂದು ನನಗೆ ಗೊತ್ತಾಯಿತು. ಪ್ರಾರ್ಥನೆ ಎನ್ನುವಂತಿರಲಿಲ್ಲ, ಜಗಳವೇ ಸರಿ. ನನ್ನ ಕೈ ಯಾವ ಓಣಿಯಲ್ಲಿದೆ ಎಂದು ನಿನಗೆ ಮೈಕಿನಲ್ಲಿ ಹೇಳಬೇಕಾಗಿತ್ತೇ? ಮಾಡಿದವನು ನೀನಲ್ಲವೇ? ಹೀಗೆ ಏನೇನೋ. ತುಟಿ ಅಲ್ಲಾಡಲಿಲ್ಲ. ಅಂಚು ಮುಗಿದಾಗ ಎದೆ ಸ್ವಲ್ಪ ಹಗುರಾಗಿತ್ತು, ಆಶ್ಚರ್ಯವಾಯಿತು.

ಮರುದಿನವೂ ಹಾಗೇ ಮಾಡಿದೆ. ಆಮೇಲೆ ಅದು ರೂಢಿಯಾಯಿತು. ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಬೇಡಿಕೊಳ್ಳಬೇಕೆಂದು ಸಣ್ಣವರಿದ್ದಾಗಿನಿಂದ ಕೇಳಿಕೊಂಡು ಬಂದಿದ್ದೆವು. ಆದರೆ ಮುಂಗೋಣೆಯೇ ಅಂಗಡಿಯಾದವರ ಮನೆಯಲ್ಲಿ ಮುಚ್ಚುವ ಬಾಗಿಲು ಎಲ್ಲಿಂದ ತರುವುದು? ನನಗೆ ಮಷಿನ್ ಸಪ್ಪಳವೇ ಬಾಗಿಲಾಯಿತು. ಕಾಲು ತುಳಿದರೆ ಮುಚ್ಚುತ್ತಿತ್ತು, ನಿಲ್ಲಿಸಿದರೆ ತೆರೆಯುತ್ತಿತ್ತು. ಕೈ ಜೋಡಿಸುವಂತಿಲ್ಲ, ಕಣ್ಣು ಮುಚ್ಚುವಂತಿಲ್ಲ. ಮುಚ್ಚಿದರೆ ಸೂಜಿ ಬೆರಳಿಗೇ ಇಳಿದೀತು. ಕಣ್ಣು ಸೂಜಿಯ ಮೇಲೆ ಇಟ್ಟುಕೊಂಡೇ ದೇವರೊಡನೆ ಮಾತಾಡಿದೆ. ಅತ್ತು ಕೂಗಿ ಬೇಡುವಾಗ ನನ್ನ ದನಿಯೇ ನನಗೆ ಕೇಳುತ್ತಿತ್ತು. ಈಗ ಸುಮ್ಮನಿರುವುದನ್ನೂ ಕಲಿತೆ. ಕೆಲವು ದಿನ ಒಂದು ಮಾತೂ ಇಲ್ಲದೆ ಬರೀ ಹೊಲಿದು ಏಳುತ್ತಿದ್ದೆ, ಅದೂ ಪ್ರಾರ್ಥನೆಯೇ ಎಂದು ನನಗೆ ಅನುಮಾನವಿರಲಿಲ್ಲ.

ಮೊದಮೊದಲು ಕಲೆ ಹೋಗಲಿ ಎಂದೇ ಕೇಳಿದೆ. ಹೋಗಲಿಲ್ಲ. ಆಮೇಲೆ ಒಂದು ದಿನ ನನ್ನ ಬೇಡಿಕೆಯೇ ಬದಲಾಯಿತು.

ಅವ್ವನ ಕಣ್ಣು ಮಂಜಾಗಿ ಬಹಳ ದಿನವಾಗಿತ್ತು. ಅವಳ ಸೂಜಿಗೆ ದಾರ ಪೋಣಿಸುವವಳು ನಾನೇ. ಮಾತು ಬಿಟ್ಟ ಮೇಲೆ ಅವಳು ಕೇಳುವುದನ್ನೂ ಬಿಟ್ಟಳು. ಆ ದಿನ ಅವಳ ಮಷಿನ್ ನಿಂತದ್ದು ಕೇಳಿಸಿತು. ತಿರುಗಿ ನೋಡಿದೆ. ದಾರದ ತುದಿಯನ್ನು ನಾಲಗೆಗೆ ಹಚ್ಚುವಳು, ಸೂಜಿಯ ಮುಂದೆ ತರುವಳು, ತಪ್ಪುವುದು, ಮತ್ತೆ ಹಚ್ಚುವಳು. ನನ್ನನ್ನು ಕರೆಯಲಿಲ್ಲ. ನಾನೂ ಏಳಲಿಲ್ಲ. ಅವಳು ಎಡವುವುದನ್ನು ನೋಡುತ್ತ ನನಗೆ ಒಳಗೊಳಗೆ ಹಿತವಾಗುತ್ತಿತ್ತು. ಆ ಹಿತ ನನಗೆ ಗೊತ್ತಾದ ಕೂಡಲೇ ಹೆದರಿಕೆಯಾಯಿತು. ಕೈ ಬೆಳ್ಳಗಾದರೆ ಹೊಲಿಯಬಹುದು. ಇದು ಬೆಳೆದರೆ ನಾನು ಹೆತ್ತವ್ವನ ಜೊತೆ ಒಂದು ಸೂರಿನಡಿ ಬಾಳುವುದು ಆಗದು. ಅಂದಿನಿಂದ ನಾನು ಕೇಳಿದ್ದು ಒಂದೇ: ಅವ್ವನ ಮೇಲಿನ ಈ ಸಿಟ್ಟು ಹೋಗಲಿ. ಕಲೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಸಿಟ್ಟು ಹೋಯಿತೇ ಎಂದರೆ, ಇಲ್ಲ. ಆದರೆ ಮರುದಿನ ಎದ್ದು ಹೋಗಿ ಅವಳ ಸೂಜಿಗೆ ದಾರ ಪೋಣಿಸಿದೆ. ಮಾತಾಡದೆಯೇ ಪೋಣಿಸಿದೆ. ಅವಳು ದಾರಕ್ಕೆ "ಪಾಪ, ಹೊಕ್ಕಿತಲ್ಲ" ಎಂದಳು. ದಿನವೂ ಬೆಳಿಗ್ಗೆ ಮೊದಲ ಕೆಲಸ ಅದೇ ಎಂದು ನಿಯಮ ಮಾಡಿಕೊಂಡೆ, ಮನಸ್ಸಿದ್ದರೂ ಇಲ್ಲದಿದ್ದರೂ. ಮನಸ್ಸು ಬರುವವರೆಗೆ ಕಾಯುತ್ತ ಕೂತರೆ ಬೇಸಿಗೆ ಕಳೆದು ಬೇಸಿಗೆ ಬರುತ್ತದೆ. ದೇವರು ನನಗೆ ಕೊಟ್ಟದ್ದು ಹಟ. ನಾನು ಮೆದು ಮನಸ್ಸನ್ನು ಕೇಳಿದ್ದೆ. ಆದರೂ ಕೊಟ್ಟದ್ದನ್ನು ತೆಗೆದುಕೊಂಡೆ.

ಆ ಹಟದಲ್ಲೇ ಗ್ಲೌಸ್ ಕಳಚಿದೆ. ದೊಡ್ಡ ಒಕ್ಕಲುತನದ ಮನೆಯ ಒಬ್ಬ ಹೆಂಗಸು ಮಗಳ ಮದುವೆಯ ಜಂಪರ್ ಅರಿವೆಗಳನ್ನು ತಂದಿದ್ದರು. ಅವ್ವನ ಕಡೆ ನೋಡಿ, "ಇವನ್ನ ನೀವಾ ಹೊಲೀರಿ, ನಿಮ್ಮ ಮಗಳು ಮುಟ್ಟೂದು ಬ್ಯಾಡ" ಎಂದರು. ಅವ್ವ ಹೂಂ ಎನ್ನುವ ಮೊದಲು ನಾನು ಮಷಿನ್ ನಿಲ್ಲಿಸಿದೆ. ಎರಡೂ ಗ್ಲೌಸ್ ತೆಗೆದು ಪಕ್ಕಕ್ಕಿಟ್ಟೆ.

"ನೋಡ್ರಿ ಅಕ್ಕಾರ, ಅವ್ವನ ಕಣ್ಣು ಮಂಜಾಗ್ಯಾವ. ಮದಿವಿ ಜಂಪರ್ ಹೊಲಿಯಾಕಿ ನಾನಾ. ಇದು ತೊನ್ನು, ಒಬ್ಬರಿಂದ ಒಬ್ಬರಿಗಿ ಹತ್ತೂದಲ್ಲ. ಮನಸ್ಸಿದ್ರ ಇಡ್ರಿ, ಇಲ್ಲಂದ್ರ ಒಯ್ರಿ. ನನಗೇನು ಸಿಟ್ಟಿಲ್ಲ."

ಅವರು ಒಯ್ದರು. ಸಿಟ್ಟಿಲ್ಲ ಎಂದದ್ದು ಸುಳ್ಳು, ಆ ಹೊತ್ತು ಹಲ್ಲು ಕಡಿದುಕೊಂಡಿದ್ದೆ. ಆದರೆ ಗ್ಲೌಸ್ ಮತ್ತೆ ತೊಡಲಿಲ್ಲ. ಬಂದವರಿಗೆಲ್ಲ ಮೊದಲು ಕೈ ತೋರಿಸಿ, ಆಮೇಲೆ ಟೇಪು ಹಿಡಿಯತೊಡಗಿದೆ. ಕೆಲವರು ಹೋದರು. ಮಸೀದಿ ಓಣಿಯ ಹುಡುಗಿಯರು ಉಳಿದರು, ನೋಡಿ, "ಹಮಾರೆ ಖಾಲಾಕೂ ಭೀ ಹೈ", ನಮ್ಮ ಚಿಕ್ಕಮ್ಮನಿಗೂ ಇದೆ, ಎಂದು ಮಾತು ಮುಗಿಸಿದರು. ಹೊಲಿಗೆ ಮತ್ತೆ ನೆಟ್ಟಗಾಯಿತು. ಹೊಲಿಗೆ ನೆಟ್ಟಗಿದ್ದಲ್ಲಿಗೆ ಜನ ಮೆಲ್ಲಗೆ ಬರುತ್ತಾರೆ.

ಹೀಗೇ ಇರುವಾಗ ಸಭೆಯಲ್ಲಿ ಗುಣಪಡಿಸುವ ವಿಶೇಷ ಕೂಟ ಎಂದು ಗೊತ್ತಾಯಿತು. ಹೊರಗಿನಿಂದ ಬೋಧಕರು ಬರುವವರಿದ್ದರು. ಅವ್ವ ಅಂದು ಅರಿವೆಗೂ ಹೇಳಲಿಲ್ಲ, ರೊಟ್ಟಿಗೂ ಹೇಳಲಿಲ್ಲ. ನನ್ನ ಮುಂದೆ ಬಂದು ನಿಂತು, "ಒಂದಾ ಸಲ ಬಾ. ಆಮ್ಯಾಲ ನಾ ಏನೂ ಕೇಳೂದಿಲ್ಲ" ಎಂದಳು. ಅವಳ ಮುಖ ಅಷ್ಟು ಹತ್ತಿರದಿಂದ ನೋಡಿ ಬಹಳ ದಿನವಾಗಿತ್ತು. ಮುದುಕಿಯಾಗಿದ್ದಳು. ಬರುತ್ತೇನೆ ಎಂದೆ. ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ಗಿಡ್ಡ ತೋಳಿನ ಜಂಪರ್ ತೊಟ್ಟೆ. ಅವ್ವ ತೋಳು ನೋಡಿದಳು, ಬಾಗಿಲಿಗೆ ಬೀಗ ಹಾಕಿದಳು.

ಹಾಲ್ ತುಂಬಿತ್ತು. ಬೋಧಕರ ಮಾತು ಮುಗಿದ ಮೇಲೆ ರೋಗಿಗಳಿಗಾಗಿ ಪ್ರಾರ್ಥಿಸುವ ಹೊತ್ತು ಬಂತು. ಮೈಕು ಪ್ರಾರ್ಥನೆಯ ಅಕ್ಕನ ಕೈಗೆ ಹೋಯಿತು. ಅವರು ನನ್ನನ್ನು ಕಂಡರು, ಕಣ್ಣು ತುಂಬಿಕೊಂಡರು, ನಿಜವಾಗಿ ಸಂತೋಷವಾಗಿತ್ತು ಅವರಿಗೆ. 'ಪರಲೋಕದ ತಂದೆಯೇ, ಮಸ್ಕಿಯ ಹಳೇ ಬಸ್ ಸ್ಟ್ಯಾಂಡಿನ' ಎಂದು ಶುರುಮಾಡಿದರು. ನನ್ನ ಕಾಲು ತಾನಾಗಿ ಜಮಖಾನೆಯ ಮೇಲೆ ತುಳಿಯುವಂತೆ ಆಡಿತು. ಒಳಗೊಳಗೇ ದೇವರಿಗೆ, ಜೊತೆಗಿರು, ಎಂದು ಒಂದೇ ಮಾತು ಹೇಳಿ ಎದ್ದೆ. ಸಾಲು ದಾಟಿ ಹೋಗಿ ಮೈಕಿನ ಮೇಲೆ ಎಡಗೈ ಇಟ್ಟೆ. ಬಿಳಿಯ ಕೈ. ಸ್ಪೀಕರ್ ಗೊರ್ರೆಂದು ನಿಂತಿತು.

"ಅಕ್ಕಾರ, ಇದು ತೊನ್ನು" ಎಂದೆ. ಕೂಗಲಿಲ್ಲ, ಆದರೂ ಕೊನೆಯ ಸಾಲಿಗೆ ಕೇಳಿಸಿತು. "ಕುಷ್ಠ ಅಲ್ಲ. ದೇವರಿಗಿ ಗೊತ್ತೈತಿ, ಇಲ್ಲಿದ್ದವರಿಗಿ ಗೊತ್ತಾಗಲಿ. ನನ್ನ ಪ್ರಾರ್ಥನಿ ನಾ ದಿನಾ ಮಾಡಾಕತ್ತೀನಿ. ನಿಮಗ ನನ್ನ ಮ್ಯಾಲ ಪ್ರೀತಿ ಐತಿ ಅಂದ್ರ, ಬರ್ರಿ, ನನ್ನ ಬಾಜೂ ಸುಮ್ಮ ಕುಂದರ್ರಿ."

ಆ ಹಾಲ್‌ನಲ್ಲಿ ಫ್ಯಾನಿನ ಸಪ್ಪಳ ನಾನು ಕೇಳಿದ್ದು ಅದೇ ಮೊದಲು. ಬೋಧಕರು ಗಂಟಲು ಸರಿಮಾಡಿಕೊಂಡರು. ಅಕ್ಕ ಮೈಕನ್ನು ನೋಡಿದರು, ನನ್ನನ್ನು ನೋಡಿದರು. ನಾನು ನನ್ನ ಜಾಗಕ್ಕೆ ಮರಳಿ ಕೂತೆ. ಆಮೇಲೆ ಅವರು ಮೈಕನ್ನು ಯಾರಿಗೋ ಕೊಟ್ಟು, ಬಂದು ನನ್ನ ಪಕ್ಕದಲ್ಲಿ ಕೂತರು. ಪಾಪ, ಸುಮ್ಮನಿರುವುದು ಅವರಿಗೆ ಬರುತ್ತಿರಲಿಲ್ಲ, ತುಟಿ ಬಿಗಿಹಿಡಿದು ಬೆವರುತ್ತಿದ್ದರು. ಆದರೆ ಕೂತರು. ಇನ್ನೊಂದು ಪಕ್ಕದಲ್ಲಿ ಅವ್ವ ಕೂತಿದ್ದಳು, ತಲೆ ಎತ್ತಿರಲಿಲ್ಲ.

ಮಸ್ಕಿಯ ಬಸ್ಸಿಗೆ ಸಿಂಧನೂರಿನ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಕಾದೆವು. ಭತ್ತದ ಚೀಲ ಹೇರಿದ ಗಾಡಿಗಳು ಹೋಗುತ್ತಿದ್ದವು. ಅವ್ವ ಕೇಳಿದಳು.

"ಎಲ್ಲಾರ ಮುಂದ ಕೈ ತೋರಿಸಿದಿ. ಇನ್ನ ನಿನ್ನ ಕೇಳ್ಕೊಂಡು ಯಾರು ಬರ್ತಾರ?"

"ಬಂದವರು ನೋಡೇ ಬರ್ತಾರ."

"ದಿನಾ ಪ್ರಾರ್ಥನಿ ಮಾಡ್ತೀನಿ ಅಂದಿ. ನಾ ಒಂದ್ ದಿನಾನೂ ಕೇಳಿಲ್ಲ. ಯಾವಾಗ ಮಾಡ್ತಿದ್ದಿ?"

"ಮಷಿನ್ ತುಳಿಯುವಾಗ."

"ನನ್ನ ಬೆನ್ನ ಹಿಂದಾ?" ಎಂದಳು. ಅವಳಿಗೆ ಅದು ನಂಬಲಾಗಲಿಲ್ಲ. "ಏನಂತ ಕೇಳ್ತಿದ್ದಿ, ಕೈಮ್ಯಾಲಿನ ಕಲಿ ಹೋಗ್ಲಿ ಅಂತನಾ?"

ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಒಂದು ಗುಟ್ಟು ಬಾಯಿಂದ ಬಾಯಿಗೆ ಹೋಗಿ ನನ್ನನ್ನು ಸುಟ್ಟಿತ್ತು. ಇದು ಹೋಗಬೇಕಾದದ್ದು ಅವಳೊಬ್ಬಳಿಗೇ.

"ಅಲ್ಲಬೇ. ನಿನ್ನ ಮ್ಯಾಲಿನ ಸಿಟ್ಟು ಹೋಗ್ಲಿ ಅಂತ."

ಅವ್ವ ನನ್ನ ಕಡೆ ತಿರುಗಲಿಲ್ಲ. ಬಸ್ಸು ಬರುವ ದಾರಿಯನ್ನೇ ನೋಡುತ್ತ, ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು.

"ಹೋತೇನು?"

"ಇನ್ನಾ ಪೂರಾ ಹೋಗಿಲ್ಲ."

"ಹಂಗಾರ ಬಿಡಬ್ಯಾಡ" ಎಂದಳು ಅವ್ವ. "ಕೇಳ್ತಾ ಇರು."